ಜೋಳವಿಲ್ಲದ ಶೋಳಿಂಗನಲ್ಲೂರು

ಚೆನ್ನೈನ ಶೋಳಿಂಗನಲ್ಲೂರು ಎಂದಾಗ ಕನ್ನಡದ ಕಿವಿಗೆ ಜೋಳ ನೆನಪಾದರೆ ತಪ್ಪೇನಲ್ಲ; ತಮಿಳಿನಲ್ಲಿ ಜೋಳಕ್ಕೆ ಚೋಳಂ, ಮೆಕ್ಕೆಜೋಳಕ್ಕೆ ಮಕ್ಕಾಚ್ಚೋಳಂ. ಆದರೆ ಊರಿನ ಹೆಸರಲ್ಲಿರುವುದು ಕನ್ನಡ ಎಂದೋ ಕೈಬಿಟ್ಟ ೞಕಾರ, ಚೋೞ ಅರಸರ ಹೆಸರಿನಲ್ಲಿರುವ ಅಕ್ಷರ. ನೆಲವೂ ಜೋಳದ್ದಲ್ಲ. ಒಂದು ಕಡೆ ಪಳ್ಳಿಕರಣೈ ಜೌಗು, ಇನ್ನೊಂದು ಕಡೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಕಡಲು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರು ಸುರಿಯುವ ಈ ತಗ್ಗಿನಲ್ಲಿ ಎಳೆಯ ಮೆಕ್ಕೆಜೋಳದ ಬುಡಕ್ಕೆ ಎರಡು ಮೂರು ದಿನ ನೀರು ನಿಂತರೆ ಬೇರು ಉಸಿರುಗಟ್ಟುತ್ತದೆ. ಹಾಗಾಗಿ ಇದು ಏರಿ, ಅಂದರೆ ಕೆರೆ, ಮತ್ತು ಭತ್ತದ ಸೀಮೆಯಾಗಿತ್ತು. ಮೆಕ್ಕೆಜೋಳ ಇಲ್ಲಿಗೆ ಬಂದರೆ ಬಹುಪಾಲು ಮೊಟ್ಟೆಯ ರೂಪದಲ್ಲೇ: ದಾವಣಗೆರೆ, ಹಾವೇರಿಯ ಕಾಳು ನಾಮಕ್ಕಲ್ಲಿನ ಕೋಳಿಗಳಿಗೆ ಮೇವಾಗುತ್ತದೆ, ಉಳಿದದ್ದು ಪಿಷ್ಟಕ್ಕೆ, ಈಚೆಗೆ ಎಥನಾಲಿಗೆ.

ಬೆಳೆ ವಿಮೆಯ ಮಾತನ್ನು ಈ ಊರಿಂದ ಆರಂಭಿಸಲು ಕಾರಣವಿದೆ. ಕೆರೆ, ಜೌಗು, ಕೋಡಿಗಳೇ ಇಲ್ಲಿನ ಹಳೆಯ ವಿಮೆ. ಕಾಗದದ ವಿಮೆ ಅವುಗಳ ಜತೆ ನಿಲ್ಲಬಲ್ಲದೇ ಹೊರತು ಅವುಗಳ ಜಾಗಕ್ಕೆ ಬರಲಾರದು. ಕೆರೆಗಳಿದ್ದೂ 1876–78ರ ಬರ ತಪ್ಪಲಿಲ್ಲವಲ್ಲ ಎನ್ನಬಹುದು. ನಿಜ, ಮಳೆಯೇ ಬಾರದಿದ್ದರೆ ಕೆರೆಗೆ ಏನು ಬೆಲೆ? ಊರ ಪಕ್ಕದ ಇದೇ ಕಾಲುವೆಯ ಮದರಾಸು ನಗರದೊಳಗಿನ ಭಾಗವನ್ನು ತೋಡಿದ್ದು ಆ ಬರದ ಪರಿಹಾರ ಕಾಮಗಾರಿಯಾಗಿ. ಮೈಸೂರು ಸಂಸ್ಥಾನ ಆಗ ಸುಮಾರು ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. ಅದೇ ಮೈಸೂರಿನ ಅಧಿಕಾರಿ ಜೆ. ಎಸ್. ಚಕ್ರವರ್ತಿ, ಪ್ರತಿ ಹೊಲವನ್ನೂ ಅಳೆಯದೆ ಮಳೆಯನ್ನೇ ಅಳತೆಗೋಲಾಗಿಸಿ ಪರಿಹಾರ ಕೊಡುವ ವಿಮೆಯನ್ನು 1920ರ ಪುಸ್ತಕದಲ್ಲಿ ಮುಂದಿಟ್ಟರು. ಆ ಬಗೆಯ ವಿಮೆ ದೇಶದಲ್ಲಿ ಜಾರಿಗೆ ಬರಲು ಎಂಬತ್ತು ವರ್ಷಗಳೇ ಬೇಕಾದವು. ಬರಕ್ಕೆ ಕಾಗದ ಬೇಕೇ ಬೇಕು. ಆದರೆ ತಗ್ಗಿನ ಊರಿನ ಕಷ್ಟ ನೀರಿಲ್ಲದ್ದಷ್ಟೇ ಅಲ್ಲ, ನೀರು ಹೋಗದ್ದೂ ಹೌದು. ಅಲ್ಲಿ ಕಾಗದ ತಡವರಿಸುತ್ತದೆ. ಹೊಲದಲ್ಲಿ ನೀರು ನಿಂತ ನಷ್ಟಕ್ಕೆ ರೈತವಾರು ಪರಿಹಾರ ಕೊಡುವ ಪಟ್ಟಿಯಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2018ರಲ್ಲಿ ಭತ್ತವನ್ನೇ ಕೈಬಿಟ್ಟಿತು. 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ ಕೇಂದ್ರ ಪ್ರಕಟಿಸಿದ್ದು 2025ರ ನವೆಂಬರಿನಲ್ಲಿ. ಭತ್ತ ನೀರಿನ ಗಿಡ ನಿಜ, ಆದರೆ ತೆನೆ ಮುಳುಗಿದರೆ ಅದೂ ಕೊಳೆಯುತ್ತದೆ.

ಒಳ್ಳೆಯ ವಿಮೆ ಇದ್ದಿದ್ದರೆ ಗದ್ದೆ ಉಳಿಯುತ್ತಿತ್ತೇ? ಇಲ್ಲ. ಇಲ್ಲಿ ಬೇಸಾಯ ಸೋತದ್ದು ನಿವೇಶನದ ಬೆಲೆಗೆ. ಹಳೆಯ ಮಹಾಬಲಿಪುರಂ ರಸ್ತೆಯ ಎರಡೂ ಬದಿ ಸಾಫ್ಟ್‌ವೇರ್ ಕಚೇರಿಗಳೆದ್ದವು, 2011ರಲ್ಲಿ ಊರು ಚೆನ್ನೈ ಪಾಲಿಕೆಗೆ ಸೇರಿತು. ಭೂಮಿ ಮಾರಿದವರನ್ನು ದೂರುವುದು ಅನ್ಯಾಯ. ದೂರಬೇಕಾದ್ದು ನೀರಿನ ದಾರಿಯನ್ನೂ ನಿವೇಶನವೆಂದು ಕಂಡ ಲೆಕ್ಕವನ್ನು. ಹಿಂದೆ ಸಾವಿರಾರು ಹೆಕ್ಟೇರು ಹರಡಿದ್ದ ಪಳ್ಳಿಕರಣೈಯಲ್ಲಿ 2022ರ ರಾಮ್‌ಸರ್ ಜೌಗುನೆಲ ಮಾನ್ಯತೆಗೆ ಸಿಕ್ಕಿದ್ದು 1,247 ಹೆಕ್ಟೇರು. 2015ರ ಡಿಸೆಂಬರಿನ ಚೆನ್ನೈ ನೆರೆಯಲ್ಲಿ ನೀರು ತನ್ನ ಹಳೆಯ ಜಾಗಕ್ಕೇ ಬಂತು. ಹಾವೇರಿ, ದಾವಣಗೆರೆಯ ಮೆಕ್ಕೆಜೋಳದ ಸೀಮೆಗೂ ನೀರಿನ ದಾರಿಯ ಈ ಮಾತು ಸಲ್ಲುತ್ತದೆ. ಮುಂಗಾರಿನ ಮೆಕ್ಕೆಜೋಳಕ್ಕೆ ರೈತ ಕಟ್ಟುವುದು ವಿಮಾ ಮೊತ್ತದ ಶೇ. 2, ಹೆಚ್ಚಲ್ಲ. ಹೊಲದಲ್ಲಿ ನೀರು ನಿಂತರೆ 72 ಗಂಟೆಯೊಳಗೆ ತಿಳಿಸಬೇಕು. ಆ ನೀರು ಹರಿದುಹೋಗುತ್ತಿದ್ದ ಹಳ್ಳವನ್ನು ಯಾರು ಮುಚ್ಚಿದರು ಎಂದು ವಿಮೆಯವರು ಕೇಳುವುದಿಲ್ಲ.