ಸೇವೆಯ ಋಣ: ಅಮೆರಿಕದ ಕ್ಯಾಥೊಲಿಕ್ ಸಂನ್ಯಾಸಿನಿಯರ ವೃದ್ಧಾಪ್ಯದ ಪ್ರಶ್ನೆ

ಧಾರ್ಮಿಕ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸ್ಥಾಪಕರ ಜೀವನ, ಸಿದ್ಧಾಂತದ ವಿಕಾಸ, ದತ್ತಿಗಳ ವಿವರ, ಕಟ್ಟಡಗಳ ವೈಭವ ಇವುಗಳತ್ತ ಗಮನ ಹರಿಸುವುದು ವಾಡಿಕೆ. ಆ ಕಟ್ಟಡಗಳಲ್ಲಿ ಬೆಳಗಿನಿಂದ ಬೈಗಿನವರೆಗೆ ದುಡಿದು, ಕೂಲಿ ಕೇಳದೆ, ಹೆಸರು ಬಯಸದೆ ಬಾಳನ್ನು ಸವೆಸಿದವರ ಲೆಕ್ಕ ಚರಿತ್ರೆಯ ಪುಟಗಳಲ್ಲಿ ದೊರೆಯುವುದು ವಿರಳ. ಸಂಸ್ಥೆ ಬೆಳೆಯುತ್ತಿರುವ ಕಾಲದಲ್ಲಿ ಈ ಮರೆವು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕುಗ್ಗತೊಡಗಿ, ಶಾಲೆಗಳನ್ನು ಮುಚ್ಚಿ, ವೆಚ್ಚವನ್ನು ಮೊಟಕುಗೊಳಿಸುವ ಕಾಲ ಬಂದಾಗ, ಅದುವರೆಗೆ ಬರಹಕ್ಕಿಳಿಯದೆ ಉಳಿದಿದ್ದ ಋಣವೊಂದು ಎದ್ದು ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಥೊಲಿಕ್ ಸಂನ್ಯಾಸಿನಿಯರಿಗೆ ಒದಗಿದ ಸ್ಥಿತಿ ಇದಕ್ಕೆ ಸ್ಪಷ್ಟ ನಿದರ್ಶನ.

ಕರ್ನಾಟಕದ ಜನತೆಗೆ ಈ ಸಂನ್ಯಾಸಿನಿಯರ ಜೀವನಕ್ರಮ ಅಪರಿಚಿತವಲ್ಲ. 1854ರಲ್ಲಿ ಬೆಂಗಳೂರಿಗೆ ಬಂದ ಗುಡ್ ಶೆಫರ್ಡ್ ಸಭೆಯವರೂ 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಭೆಯವರೂ ಈ ನಾಡಿನ ಸ್ತ್ರೀಶಿಕ್ಷಣಕ್ಕೆ ದುಡಿದವರು. ಮಂಗಳೂರಿನ ಸೇಂಟ್ ಆಗ್ನೆಸ್ ಕಾಲೇಜು 1921ರಲ್ಲಿ ಆರಂಭವಾದುದು ಕಾರ್ಮೆಲ್ ಸಭೆಯ ಪರಿಶ್ರಮದಿಂದಲೇ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಸ್ವೀಕರಿಸಿದ ಸಂನ್ಯಾಸಿನಿಗೆ ಸ್ವಂತ ಆಸ್ತಿಯಿಲ್ಲ. ದುಡಿಮೆಯಿಂದ ಬಂದುದೆಲ್ಲ ಸಭೆಗೆ ಸೇರುತ್ತದೆ. ಆಕೆಯ ಅನ್ನ, ವಸ್ತ್ರ, ವಸತಿ, ರೋಗಶುಶ್ರೂಷೆಗಳ ಹೊಣೆ ಸಭೆಯದು. ಈ ವ್ಯವಸ್ಥೆಯ ಬಲವೂ ಅಪಾಯವೂ ಇದರಲ್ಲಿಯೇ ಅಡಗಿವೆ.

ಅಮೆರಿಕದಲ್ಲಿ ಈ ಪರಂಪರೆಯ ಮೊದಲ ಹೆಜ್ಜೆ ಮೂಡಿದುದು 1727ರಲ್ಲಿ. ಆ ವರ್ಷ ಫ್ರಾನ್ಸಿನಿಂದ ಹೊರಟ ಉರ್ಸುಲೈನ್ ಸಭೆಯ ಸಂನ್ಯಾಸಿನಿಯರು ನ್ಯೂ ಆರ್ಲಿಯನ್ಸ್ ನಗರವನ್ನು ತಲುಪಿ ಬಾಲಿಕೆಯರ ಶಾಲೆಯನ್ನು ತೆರೆದರು. 1809ರಲ್ಲಿ ಎಲಿಜಬೆತ್ ಸೀಟನ್ ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗಿನಲ್ಲಿ ಸಹೋದರಿಯರ ಸಭೆಯೊಂದನ್ನು ಸ್ಥಾಪಿಸಿದರು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ 600ಕ್ಕೂ ಹೆಚ್ಚು ಸಂನ್ಯಾಸಿನಿಯರು ಉಭಯ ಪಕ್ಷಗಳ ಗಾಯಾಳುಗಳನ್ನು ಉಪಚರಿಸಿದರು. 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆಯು ಪ್ರತಿಯೊಂದು ಚರ್ಚಿನ ಪಕ್ಕದಲ್ಲಿಯೂ ಒಂದು ಶಾಲೆ ಇರಬೇಕೆಂದು ವಿಧಿಸಿತು. ಯೂರೋಪಿನಿಂದ ವಲಸೆ ಬಂದ ಬಡ ಕೂಲಿಕಾರರ ಕಾಣಿಕೆಯಿಂದ ನಡೆಯುತ್ತಿದ್ದ ಚರ್ಚುಗಳಿಗೆ ಸಂಬಳದ ಅಧ್ಯಾಪಕರನ್ನು ನೇಮಿಸುವ ಶಕ್ತಿ ಎಲ್ಲಿಯದು? ಆ ವಿಧಿಯನ್ನು ಕಾರ್ಯಗತಗೊಳಿಸಿದವರು ಸಂನ್ಯಾಸಿನಿಯರೇ. 1960ರ ದಶಕದ ಆದಿಭಾಗಕ್ಕೆ ಸುಮಾರು 13,000 ಕ್ಯಾಥೊಲಿಕ್ ಶಾಲೆಗಳಲ್ಲಿ 52 ಲಕ್ಷದಷ್ಟು ಮಕ್ಕಳು ಓದುತ್ತಿದ್ದರು. 1965ರ ಹೊತ್ತಿಗೆ ಸಂನ್ಯಾಸಿನಿಯರ ಸಂಖ್ಯೆ ಸುಮಾರು 1,80,000ವನ್ನು ಮುಟ್ಟಿತ್ತು.

ಇಷ್ಟು ದೊಡ್ಡ ವಿದ್ಯಾವ್ಯವಸ್ಥೆಯ ಆರ್ಥಿಕ ಆಧಾರವನ್ನು ಪರಿಶೀಲಿಸುವುದು ಅವಶ್ಯಕ. ಶಾಲೆಯಲ್ಲಿ ಪಾಠ ಹೇಳುವ ಸಂನ್ಯಾಸಿನಿಗೆ ಚರ್ಚು ಸಂಬಳ ಕೊಡುತ್ತಿರಲಿಲ್ಲ. ಆಕೆಯ ಸಭೆಗೆ ವರ್ಷಕ್ಕೆ ಕೆಲವು ನೂರು ಡಾಲರುಗಳ ಗೌರವಧನವನ್ನಷ್ಟೇ ಸಲ್ಲಿಸುತ್ತಿತ್ತು. ಗೃಹಸ್ಥ ಅಧ್ಯಾಪಕರಿಗೆ ಕೊಡಬೇಕಾದ ವೇತನದ ಒಂದು ಚಿಕ್ಕ ಭಾಗ ಮಾತ್ರ ಅದು. ಕೊರತೆಯನ್ನು ತುಂಬಲು ಅನೇಕ ಕಾನ್ವೆಂಟುಗಳಲ್ಲಿ ಶಾಲೆ ಬಿಟ್ಟ ಮೇಲೆ ಸಂಗೀತಪಾಠ ನಡೆಯುತ್ತಿತ್ತು. ಸರಿಯಾದ ತರಬೇತಿ ಪಡೆಯುವ ಮೊದಲೇ ತರುಣ ಸಂನ್ಯಾಸಿನಿಯರನ್ನು ತುಂಬಿ ತುಳುಕುವ ತರಗತಿಗಳಿಗೆ ಕಳುಹಿಸಲಾಗುತ್ತಿತ್ತು. ಅವರು ಬೇಸಗೆಯ ರಜೆಗಳಲ್ಲಿ ಓದುತ್ತ, ಹತ್ತು ಹದಿನೈದು ವರ್ಷಗಳಲ್ಲಿ ಒಂದು ಪದವಿಯನ್ನು ಪೂರೈಸುತ್ತಿದ್ದರು. ಹೀಗೆ ಉಳಿದ ಹಣ ಯಾರದೋ ಪೆಟ್ಟಿಗೆಯಲ್ಲಿ ಕೂಡಿಡಲ್ಪಟ್ಟಿತೆಂದಲ್ಲ. ಅದು ಶಾಲೆಯ ಇಟ್ಟಿಗೆಯಾಯಿತು, ಬಡ ಮಕ್ಕಳ ಶುಲ್ಕದ ರಿಯಾಯಿತಿಯಾಯಿತು. ಆದರೆ ಅದು ಸಂನ್ಯಾಸಿನಿಯರ ದುಡಿಮೆಯಿಂದ ಬಂದ ದತ್ತಿಯೆಂಬ ಉಲ್ಲೇಖ ಯಾವ ಲೆಕ್ಕಪುಸ್ತಕದಲ್ಲಿಯೂ ಇರಲಿಲ್ಲ.

ವೃದ್ಧರ ಪೋಷಣೆಗೆ ಅಂದು ಪ್ರತ್ಯೇಕ ನಿಧಿಯ ಅಗತ್ಯ ಕಂಡುಬರಲಿಲ್ಲ. ಪ್ರತಿವರ್ಷವೂ ಹೊಸಬರು ಬಂದು ಸೇರುತ್ತಿದ್ದರು. ಕಿರಿಯರ ದುಡಿಮೆಯಿಂದ ಹಿರಿಯರ ಆರೈಕೆ ನಡೆಯುತ್ತಿತ್ತು. ಅವಿಭಕ್ತ ಕುಟುಂಬದ ರೀತಿಯ ಈ ಏರ್ಪಾಡು ಕಿರಿಯರು ಬರುತ್ತಿರುವವರೆಗೆ ಮಾತ್ರ ನಡೆಯತಕ್ಕದ್ದು. 1935ರಲ್ಲಿ ಅಮೆರಿಕ ಸರ್ಕಾರ ಸಾಮಾಜಿಕ ಭದ್ರತೆಯ ಶಾಸನವನ್ನು ಜಾರಿಗೆ ತಂದು ಕಾರ್ಮಿಕರಿಗೆ ವೃದ್ಧಾಪ್ಯವೇತನದ ಏರ್ಪಾಡು ಮಾಡಿದಾಗ, ಧಾರ್ಮಿಕ ಸಂಸ್ಥೆಗಳಲ್ಲಿ ದುಡಿಯುವವರು ಅದರ ಹೊರಗುಳಿದರು. ಬಡತನದ ವ್ರತ ಸ್ವೀಕರಿಸಿದವರಿಗೆ ವೇತನವೇ ಇಲ್ಲವಾದ ಕಾರಣ, ವೇತನದ ಮೇಲೆ ನಿಂತ ಭದ್ರತೆಯೂ ಇರಲಿಲ್ಲ. ಅಂದು ಇದನ್ನು ನಷ್ಟವೆಂದು ಎಣಿಸಿದವರು ಕಡಿಮೆ.

1965ರ ಅನಂತರ ಪರಿಸ್ಥಿತಿ ಶೀಘ್ರವಾಗಿ ಬದಲಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು ಸಂನ್ಯಾಸಜೀವನದ ನವೀಕರಣಕ್ಕೆ ಕರೆಯಿತ್ತಿತು. ಸಮಾಜದಲ್ಲಿ ಸ್ತ್ರೀಯರಿಗೆ ವಿದ್ಯೆ ಉದ್ಯೋಗಗಳ ಹೊಸ ದಾರಿಗಳು ತೆರೆದವು. ಹೊಸದಾಗಿ ಸೇರುವವರು ವಿರಳರಾದರು. ಸಾವಿರಾರು ಮಂದಿ ವ್ರತಮುಕ್ತರಾಗಿ ಹೊರನಡೆದರು. ಸಂನ್ಯಾಸಿನಿಯರು ಖಾಲಿ ಮಾಡಿದ ಸ್ಥಾನಗಳಿಗೆ ಗೃಹಸ್ಥ ಅಧ್ಯಾಪಕರು ಬಂದಾಗ ಶಾಲೆಗಳ ವೆಚ್ಚ ಏರಿತು. ಮಧ್ಯಮವರ್ಗದವರು ನಗರಗಳನ್ನು ತೊರೆದು ಹೊರವಲಯಗಳಿಗೆ ಹೋದುದರಿಂದ ಹಳೆಯ ಚರ್ಚುಗಳ ಆದಾಯ ಇಳಿಯಿತು. ಶಾಲೆಗಳು ಒಂದೊಂದಾಗಿ ಮುಚ್ಚಿದವು. ಗೌರವಧನದಿಂದ ನಡೆದ ಶಾಲೆಯ ನಿಜವಾದ ಬೆಲೆ ಎಷ್ಟೆಂಬುದು, ಆ ಗೌರವಧನವನ್ನು ಪಡೆಯುವವರು ಇಲ್ಲವಾದಾಗ ವ್ಯಕ್ತವಾಯಿತು.

ಶಾಲೆ ಮುಚ್ಚಿದಾಗ ಗೃಹಸ್ಥ ಅಧ್ಯಾಪಕನು ತಾನು ಸಂಪಾದಿಸಿದ ಸಾಮಾಜಿಕ ಭದ್ರತೆಯ ಹಕ್ಕಿನೊಂದಿಗೆ ಹೊರಡುತ್ತಿದ್ದನು. ನಲವತ್ತು ವರ್ಷ ಪಾಠ ಹೇಳಿದ ಸಂನ್ಯಾಸಿನಿ ಬರಿಗೈಯಲ್ಲಿ ತನ್ನ ಮಾತೃಮಠಕ್ಕೆ ಹಿಂದಿರುಗುತ್ತಿದ್ದಳು. ಅಂದಿಗೆ ಗೌರವಧನ ನಿಂತುಹೋಗುತ್ತಿತ್ತು. ನಿವೃತ್ತಿವೇತನದ ಹೊಣೆ ಚರ್ಚಿನ ಮೇಲೆ ಇರಲಿಲ್ಲ. ಧರ್ಮಪ್ರಾಂತದ ಪಾದ್ರಿಗಳಿಗಾಗಿ ಅನೇಕ ಕಡೆ ನಿವೃತ್ತಿನಿಧಿಗಳು ಏರ್ಪಟ್ಟಿದ್ದವು. ಸಂನ್ಯಾಸಿನಿಯರು ಅವುಗಳ ವ್ಯಾಪ್ತಿಗೆ ಸೇರಲಿಲ್ಲ. ಇದಕ್ಕೆ ಆಧಾರವಾದುದು ಸಭೆಗಳ ಸ್ವತಂತ್ರ ಅಸ್ತಿತ್ವ. ಪ್ರತಿಯೊಂದು ಸಂನ್ಯಾಸಿನೀಸಭೆಯೂ ತನ್ನದೇ ಆಸ್ತಿ, ತನ್ನದೇ ಆಡಳಿತವುಳ್ಳ ಪ್ರತ್ಯೇಕ ಸಂಸ್ಥೆ. ಆದುದರಿಂದ ಸದಸ್ಯೆಯರ ಪೋಷಣೆ ಸಭೆಯ ಕರ್ತವ್ಯ. ಚರ್ಚಿನ ಕಾನೂನಿನ ದೃಷ್ಟಿಯಿಂದ ಈ ವಾದ ಸರಿಯಾದುದೇ. ಆದರೆ ಸಭೆಗೆ ಉಳಿತಾಯ ಮಾಡಲು ಅವಕಾಶವೇ ಇಲ್ಲದಷ್ಟು ಕಡಿಮೆ ಗೌರವಧನ ಕೊಟ್ಟು ದುಡಿಸಿಕೊಂಡವರು, ಮುಪ್ಪಿನ ಹೊಣೆ ಸಭೆಯದೇ ಎಂದಾಗ ಕಾನೂನು ಉಳಿಯಿತು, ನ್ಯಾಯ ಉಳಿಯಿತೇ ಎಂಬ ಪ್ರಶ್ನೆ ಹುಟ್ಟದಿರದು. ಬೆಳವಣಿಗೆಯ ದಿನಗಳಲ್ಲಿ ನೂರಾರು ತರುಣಿಯರು ಬರುವರೆಂಬ ನಿರೀಕ್ಷೆಯಿಂದ ಸಾಲ ಮಾಡಿ ಕಟ್ಟಿದ ವಿಶಾಲ ಭವನಗಳು ಕೆಲವು ಸಭೆಗಳಿಗೆ ಇನ್ನೊಂದು ಭಾರವಾದವು.

ಸೇವಕರು ತಮ್ಮ ಸೇವೆಯ ಸ್ಥಿತಿಗತಿಗಳ ಬಗ್ಗೆ ಮಾತನಾಡಿದಾಗ ಏನಾಗುತ್ತಿತ್ತೆಂಬುದಕ್ಕೆ ಲಾಸ್ ಏಂಜಲೀಸಿನ ಇಮ್ಯಾಕ್ಯುಲೇಟ್ ಹಾರ್ಟ್ ಸಭೆಯ ಪ್ರಸಂಗ ಸಾಕ್ಷಿ. 1967ರಲ್ಲಿ ಅನಿತಾ ಕ್ಯಾಸ್ಪರಿಯವರ ನೇತೃತ್ವದಲ್ಲಿ ಆ ಸಭೆಯು ಉಡುಪು, ಪ್ರಾರ್ಥನಾಕ್ರಮಗಳಲ್ಲಿ ಸುಧಾರಣೆಯನ್ನು ನಿರ್ಣಯಿಸಿತು. ತರಬೇತಿ ಪೂರೈಸದ ಸಹೋದರಿಯರನ್ನು ತರಗತಿಗೆ ಕಳುಹಿಸಬಾರದೆಂದೂ ತರಗತಿಗಳ ಗಾತ್ರ ಮಿತಿಯಲ್ಲಿರಬೇಕೆಂದೂ ಬಯಸಿತು. ಕಾರ್ಡಿನಲ್ ಮೆಕಿಂಟೈರ್ ಅವರು ಇದನ್ನು ಒಪ್ಪಲಿಲ್ಲ. ಸಹೋದರಿಯರು ಧರ್ಮಪ್ರಾಂತದ ಶಾಲೆಗಳಿಂದ ಹೊರಬರಬೇಕಾಯಿತು. 1970ರಲ್ಲಿ ಸುಮಾರು 300 ಮಂದಿ ವ್ರತಗಳಿಂದ ಬಿಡುಗಡೆ ಪಡೆದು ಗೃಹಸ್ಥರೂ ಸೇರಬಹುದಾದ ಹೊಸ ಸಮುದಾಯವೊಂದನ್ನು ಕಟ್ಟಿಕೊಂಡರು.

ಹೀಗೆ ಸಭೆಯನ್ನು ತೊರೆದವರ ವಿಷಯದಲ್ಲಿ ಚರ್ಚಿನ ಕಾನೂನು ಏನನ್ನು ಹೇಳುತ್ತದೆಂಬುದು ವಿಚಾರಾರ್ಹ. 1983ರ ಕಾನೂನುಸಂಹಿತೆಯ 702ನೆಯ ವಿಧಿಯ ಪ್ರಕಾರ, ಹೊರಹೋಗುವವರು ತಾವು ಮಾಡಿದ ಸೇವೆಗಾಗಿ ಸಭೆಯಿಂದ ಏನನ್ನೂ ಹಕ್ಕಿನಿಂದ ಕೇಳುವಂತಿಲ್ಲ. ಆದರೆ ಸಭೆಯು ಅವರ ಬಗ್ಗೆ ಸಮದೃಷ್ಟಿಯನ್ನೂ ಕರುಣೆಯನ್ನೂ ತೋರತಕ್ಕದ್ದು. ಅದೇ ಸಂಹಿತೆಯ 231ನೆಯ ವಿಧಿ ಚರ್ಚಿನ ಸೇವೆಯಲ್ಲಿರುವ ಗೃಹಸ್ಥರಿಗೆ ಯೋಗ್ಯ ಸಂಭಾವನೆಯ ಹಕ್ಕನ್ನು ಮಾನ್ಯ ಮಾಡಿದೆ. ಒಬ್ಬರಿಗೆ ಹಕ್ಕು, ಇನ್ನೊಬ್ಬರಿಗೆ ಕರುಣೆ. ವ್ರತದ ತರ್ಕದಿಂದ ಈ ಭೇದ ಸಹಜವೆನಿಸಿದರೂ, ಕರುಣೆಯ ಅಳತೆಯನ್ನು ಕೊಡುವವರೇ ನಿರ್ಧರಿಸುವರೆಂಬುದನ್ನು ಮರೆಯಲಾಗದು.

1972ರಲ್ಲಿ ಅಮೆರಿಕ ಸರ್ಕಾರ ಶಾಸನಕ್ಕೆ ತಿದ್ದುಪಡಿ ತಂದು, ಬಡತನದ ವ್ರತವುಳ್ಳವರನ್ನೂ ಅವರ ಸಭೆಯ ಇಚ್ಛೆಯ ಮೇರೆಗೆ ಸಾಮಾಜಿಕ ಭದ್ರತೆಗೆ ಸೇರಿಸಲು ಅವಕಾಶ ಕಲ್ಪಿಸಿತು. ವೇತನವಿಲ್ಲದವರ ವೇತನವನ್ನು ಲೆಕ್ಕಹಾಕುವುದು ಹೇಗೆ? ಆಕೆಗೆ ಸಭೆ ಒದಗಿಸುವ ಊಟ, ವಸತಿ, ಉಡುಪುಗಳ ಬೆಲೆಯನ್ನೇ ವೇತನವೆಂದು ಭಾವಿಸಲಾಯಿತು. ತಿಂಗಳಿಗೆ 100 ಡಾಲರಿಗಿಂತ ಕಡಿಮೆಯಾಗಬಾರದೆಂಬ ಮಿತಿಯನ್ನು ಇರಿಸಲಾಯಿತು. ಈ ಏರ್ಪಾಡು ಉಪಕಾರಕವಾದುದು ನಿಜ. ಆದರೆ ಮಿತಾಹಾರಿಯಾಗಿ, ಸರಳ ಕೋಣೆಯಲ್ಲಿ ಬಾಳಿದವಳ ಸರಳತೆಯೇ ಅವಳ ಮುಪ್ಪಿನ ವೇತನವನ್ನು ತಗ್ಗಿಸಿತು. ಇಂದಿಗೂ ಸಂನ್ಯಾಸಿನಿಯೊಬ್ಬಳಿಗೆ ದೊರೆಯುವ ಸರಾಸರಿ ವೃದ್ಧಾಪ್ಯವೇತನ ಸಾಮಾನ್ಯ ನಿವೃತ್ತರಿಗೆ ದೊರೆಯುವುದರ ಅರ್ಧಕ್ಕಿಂತಲೂ ಕಡಿಮೆ.

ಈ ಸ್ಥಿತಿ ಬಹುಕಾಲ ಸಭೆಗಳ ಗೋಡೆಯೊಳಗಿನ ಸಂಗತಿಯಾಗಿಯೇ ಉಳಿಯಿತು. 1986ರ ಮೇ ತಿಂಗಳಲ್ಲಿ ಪತ್ರಕರ್ತ ಜಾನ್ ಫಿಯಾಲ್ಕಾ ಅವರು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ವೃದ್ಧ ಸಂನ್ಯಾಸಿನಿಯರ ಕಷ್ಟವನ್ನು ವಿವರಿಸಿ ಬರೆದಾಗ ಜನತೆ ಬೆಚ್ಚಿತು. ನಿವೃತ್ತಿಯ ವೆಚ್ಚಕ್ಕೆ ಇರಬೇಕಾಗಿದ್ದೂ ಇಲ್ಲದ ಹಣ ಅಂದಿನ ಅಂದಾಜಿನಂತೆ 200 ಕೋಟಿ ಡಾಲರು. ಬಾಲ್ಯದಲ್ಲಿ ಅವರಿಂದ ಅಕ್ಷರ ಕಲಿತು ದೊಡ್ಡವರಾದವರು ಕಾಣಿಕೆಗಳನ್ನು ಕಳುಹಿಸಿದರು. ಫಿಯಾಲ್ಕಾ ಅವರೇ ಮುಂದಾಗಿ ಸಹಾಯಸಂಸ್ಥೆಯೊಂದನ್ನು ಕಟ್ಟಿದರು. ಧರ್ಮಾಧ್ಯಕ್ಷರು ರಾಷ್ಟ್ರಾದ್ಯಂತ ವಾರ್ಷಿಕ ನಿಧಿಸಂಗ್ರಹಕ್ಕೆ ಒಪ್ಪಿಗೆಯಿತ್ತರು. 1988ರ ಡಿಸೆಂಬರಿನಲ್ಲಿ ನಡೆದ ಮೊದಲ ಸಂಗ್ರಹದಲ್ಲಿ 2 ಕೋಟಿ ಡಾಲರಿಗೂ ಮಿಗಿಲಾದ ಹಣ ಬಂದಿತು. ಹತ್ತು ವರ್ಷಗಳ ಮಟ್ಟಿಗೆಂದು ಆರಂಭವಾದ ಈ ಕಾರ್ಯ ಇಂದಿಗೂ ನಡೆಯುತ್ತಿದೆ. ಒಟ್ಟು ಸಂಗ್ರಹ 100 ಕೋಟಿ ಡಾಲರನ್ನು ಮೀರಿದೆ. ಪುರುಷರ ಸಂನ್ಯಾಸಸಭೆಗಳಿಗೂ ಇದರಲ್ಲಿ ಪಾಲಿದೆ. 2000ದ ವೇಳೆಗೆ ಸಂನ್ಯಾಸಿನಿಯರು ಸುಮಾರು 80,000ಕ್ಕೆ ಇಳಿದಿದ್ದರು. ಈಗ 40,000ಕ್ಕೂ ಕಡಿಮೆಯಾಗಿದ್ದಾರೆ. ಅವರಲ್ಲಿ ಬಹುಪಾಲು ಎಪ್ಪತ್ತು ದಾಟಿದವರು.

ಈ ದಾನವನ್ನು ಕೀಳ್ಗಳೆಯುವುದು ಸಲ್ಲದು. ಕೃತಜ್ಞತೆ ಅಲ್ಲಿ ನಿಜವಾಗಿಯೇ ಇತ್ತು. ಸಂನ್ಯಾಸಿನಿಯರೂ ಕೈಕಟ್ಟಿ ಕುಳಿತವರಲ್ಲ. ಶಕ್ತಿಯಿದ್ದವರು ಎಪ್ಪತ್ತರ ವಯಸ್ಸಿನಲ್ಲಿಯೂ ಸಂಬಳದ ಕೆಲಸ ಹಿಡಿದು ಹಿರಿಯರನ್ನು ಸಾಕಿದರು. ಮಾತೃಮಠದ ಭೂಮಿಯನ್ನು ಮಾರಿದರು. ಚಿಕ್ಕ ಸಭೆಗಳು ಒಂದುಗೂಡಿದವು. ತಮ್ಮನ್ನು ಅನಾಥರಂತೆ ಚಿತ್ರಿಸುವುದು ಅವರಲ್ಲಿ ಅನೇಕರಿಗೆ ಹಿಡಿಸಲಿಲ್ಲ. ಕೊಟ್ಟುದನ್ನು ಮರಳಿ ಕೇಳದಿರುವುದೇ ಅವರ ವ್ರತವಾಗಿತ್ತು. ಆ ವ್ರತ ಅವರದು; ಸಂಸ್ಥೆಯದಲ್ಲ. ವ್ಯಕ್ತಿಯು ಫಲವನ್ನು ತ್ಯಜಿಸಿದ ಮಾತ್ರಕ್ಕೆ ಫಲವನ್ನು ಉಂಡವರ ಹೊಣೆ ತೀರುವುದಿಲ್ಲ. ಬಡತನವನ್ನು ಸ್ವೀಕರಿಸಿದವಳು ತ್ಯಾಗಿ. ಅವಳ ಬಡತನದಿಂದ ವೆಚ್ಚ ಉಳಿಸಿಕೊಂಡ ಸಂಸ್ಥೆ ಋಣಿ. ಋಣವನ್ನು ಭಿಕ್ಷೆಯ ರೂಪದಲ್ಲಿ ತೀರಿಸಿದಾಗ ಹಣ ಸಂದರೂ ಮಾತು ತಪ್ಪುತ್ತದೆ.

ಅಂತರ್ಯುದ್ಧದಲ್ಲಿ ಗಾಯಾಳುಗಳನ್ನು ಉಪಚರಿಸಿದ ಸಂನ್ಯಾಸಿನಿಯರ ನೆನಪಿಗೆ 1924ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸ್ಮಾರಕವೊಂದನ್ನು ನಿಲ್ಲಿಸಲಾಯಿತು. ಹನ್ನೆರಡು ಸಭೆಗಳ ಸಹೋದರಿಯರ ಆಕೃತಿಗಳು ಅದರ ಕಂಚಿನ ಫಲಕದಲ್ಲಿ ಇಂದಿಗೂ ನಿಂತಿವೆ. ಅದಾಗಿ ಹನ್ನೊಂದು ವರ್ಷಗಳಿಗೆ ಬಂದ ವೃದ್ಧಾಪ್ಯಭದ್ರತೆಯ ಶಾಸನದಲ್ಲಿ ಅದೇ ಪರಂಪರೆಯ ಜೀವಂತ ಸಹೋದರಿಯರಿಗೆ ಸ್ಥಾನ ದೊರೆಯಲಿಲ್ಲ. ದೊರೆಯಲಿಲ್ಲವೆಂದು ಅವರ ಪರವಾಗಿ ಗಟ್ಟಿಯಾಗಿ ಕೇಳಿದವರೂ ಕಡಿಮೆ. ಗತಿಸಿದವರಿಗೆ ಕಂಚನ್ನು ಎರೆಯುವುದು ಸುಲಭ. ಇರುವವರ ಮುಪ್ಪಿಗೆ ಮುಂಗಡವಾಗಿ ಒಂದು ಪಾಲನ್ನು ತೆಗೆದಿರಿಸುವುದು ಕಠಿಣ. ಬಿಟ್ಟಿಸೇವೆಯ ಮೇಲೆ ನಿಂತ ಯಾವುದೇ ಧಾರ್ಮಿಕ ಸಂಸ್ಥೆ, ತನ್ನ ಏಳಿಗೆಯ ದಿನಗಳಲ್ಲಿಯೇ ಆ ಪಾಲನ್ನು ಲೆಕ್ಕಪುಸ್ತಕದಲ್ಲಿ ಬರೆದಿರಿಸಬೇಕಾಗುತ್ತದೆ. ಇಳಿಗಾಲದಲ್ಲಿ ಬರೆಯಹೊರಟರೆ, ಬರೆಯಲು ಬೇಕಾದ ಹಣವೂ ಇರುವುದಿಲ್ಲ, ದುಡಿದವರಿಗೆ ಕಾಯಲು ಬೇಕಾದ ಆಯುಸ್ಸೂ ಇರುವುದಿಲ್ಲ.