‘ಬೆಂಗಳೂರು ಪ್ರಾಜೆಕ್ಟ್’ ಅಂದ್ರೇನು? ಇಂಗ್ಲಿಷ್ ಕೋರ್ಸ್‌ಗೆ ಫೀಸು ಕಟ್ಟೋ ಮುಂಚೆ ಒಮ್ಮೆ ಓದಿ

ಮೇ ತಿಂಗಳು ಬಂತೆಂದರೆ ಸಾಕು, ತಾಲೂಕು ಕೇಂದ್ರಗಳ ಬಸ್ ನಿಲ್ದಾಣದ ಗೋಡೆ, ಕರೆಂಟ್ ಕಂಬ, ಝೆರಾಕ್ಸ್ ಅಂಗಡಿ ಬಾಗಿಲು ಎಲ್ಲ ಕಡೆ ಒಂದೇ ಥರದ ಪೋಸ್ಟರ್: ‘30 ದಿನದಲ್ಲಿ ಇಂಗ್ಲಿಷ್ ಮಾತಾಡಿ’. ಇನ್ನೊಂದು ಕಡೆ ಶಾಲೆ ಅಡ್ಮಿಷನ್ ಚಿಂತೆ. ಕನ್ನಡ ಮೀಡಿಯಮ್ಮೋ, ಇಂಗ್ಲಿಷ್ ಮೀಡಿಯಮ್ಮೋ? ಮಗು ಇಂಗ್ಲಿಷ್ ಕಲಿಯಲಿ ಅಂತ ಕಿರಾಣಿ ಅಂಗಡಿಯವರಿಂದ ಹಿಡಿದು ಕೂಲಿ ಮಾಡುವವರವರೆಗೆ ಎಲ್ಲರೂ ಸಾಲ ಮಾಡಿಯಾದರೂ ದುಡ್ಡು ಹೊಂದಿಸುತ್ತಾರೆ. ಆದರೆ ಹತ್ತು ವರ್ಷ ಇಂಗ್ಲಿಷ್ ಓದಿದ ಹುಡುಗ ಬ್ಯಾಂಕಿನಲ್ಲಿ ಒಂದು ಫಾರಂ ತುಂಬಲು ತಡಕಾಡುತ್ತಾನೆ. ಯಾಕೆ ಹೀಗೆ?

ಇದೇ ಪ್ರಶ್ನೆ ಇಟ್ಟುಕೊಂಡು ನಮ್ಮ ಬೆಂಗಳೂರಿನಲ್ಲೇ 1979ರಲ್ಲಿ ಒಂದು ಪ್ರಯೋಗ ಶುರುವಾಯಿತು. ಇಂಗ್ಲಿಷ್ ಬೋಧನೆ ಕುರಿತ ಪುಸ್ತಕಗಳಲ್ಲಿ ಜಗತ್ತಿನಾದ್ಯಂತ ಅದರ ಪ್ರಸ್ತಾಪ ಇವತ್ತಿಗೂ ಬರುತ್ತದೆ. ಹೆಸರು ‘ಬೆಂಗಳೂರು ಪ್ರಾಜೆಕ್ಟ್’. ಆ ಪ್ರಯೋಗದಲ್ಲಿ ಏನಾಯಿತು, ಅದರಿಂದ ಪೋಷಕರು ತಿಳಿದುಕೊಳ್ಳಬೇಕಾದ್ದೇನು? ಇಲ್ಲಿದೆ ಮಾಹಿತಿ.

ಯಾರು ಮಾಡಿದ್ದು, ಎಲ್ಲಿ ಮಾಡಿದ್ದು?

ಪ್ರಯೋಗದ ರೂವಾರಿ ಎನ್.ಎಸ್. ಪ್ರಭು. ಆಗ ಅವರು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿ ಇಂಗ್ಲಿಷ್ ಬೋಧನೆಗೆ ಸಂಬಂಧಿಸಿದ ಅಧಿಕಾರಿ. ಅವರ ಜೊತೆ ನಿಂತಿದ್ದು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. 1979ರಿಂದ 1984ರವರೆಗೆ ಐದು ವರ್ಷ, ದಕ್ಷಿಣ ಭಾರತದ ಶಾಲೆಗಳ 8 ತರಗತಿಗಳಲ್ಲಿ 18 ಶಿಕ್ಷಕರು ಪಾಠ ಮಾಡಿದರು. ಒಂದೊಂದು ತರಗತಿಯಲ್ಲಿ ಪ್ರಯೋಗ ನಡೆದಿದ್ದು 1ರಿಂದ 3 ವರ್ಷ. ಪ್ರಾಥಮಿಕ ಶಾಲೆಯ ಮಕ್ಕಳೂ ಇದ್ದರು, ಪ್ರೌಢಶಾಲೆಯವರೂ ಇದ್ದರು. ಹವಾನಿಯಂತ್ರಿತ ಕೊಠಡಿ, ವಿದೇಶಿ ಮೇಷ್ಟ್ರು ಯಾವುದೂ ಇಲ್ಲ. ನಮ್ಮ ಕಡೆ ಇರುವಂಥದ್ದೇ ಶಾಲೆ, ಕರಿಹಲಗೆ, ಸೀಮೆಸುಣ್ಣ.

ಈ ಅನುಭವವನ್ನೆಲ್ಲ ಪ್ರಭು 1987ರಲ್ಲಿ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಗಿ’ ಎಂಬ ಪುಸ್ತಕವಾಗಿ ಬರೆದರು. ಇವತ್ತು ‘ಟಾಸ್ಕ್ ಆಧಾರಿತ ಭಾಷಾ ಬೋಧನೆ’ ಅಂತ ಹಲವು ದೇಶಗಳಲ್ಲಿ ಹೆಸರಾಗಿರುವ ಪದ್ಧತಿಯ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೂ ಒಂದು.

ಅದಕ್ಕೂ ಮುಂಚೆ ಪಾಠ ಹೇಗಿತ್ತು?

ಆಗ ಶಾಲೆಗಳಲ್ಲಿದ್ದದ್ದು ವಾಕ್ಯರಚನೆ ಆಧಾರಿತ ಪಠ್ಯಕ್ರಮ. ಸುಲಭದ ವಾಕ್ಯ ಮೊದಲು, ಕಷ್ಟದ್ದು ಆಮೇಲೆ ಅಂತ ಮೆಟ್ಟಿಲು ಜೋಡಿಸಿದಂತೆ ಪಟ್ಟಿ ಮಾಡಿ, ಒಂದೊಂದನ್ನೇ ಬಾಯಿಪಾಠ ಮಾಡಿಸುವುದು. ಮೇಷ್ಟ್ರು ಪೆನ್ನು ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’ ಅನ್ನುತ್ತಾರೆ, ಮಕ್ಕಳು ಅದನ್ನೇ ಹತ್ತು ಸಲ ಹೇಳುತ್ತಾರೆ. ತಮಾಷೆ ಏನಂದ್ರೆ, ಅದು ಪೆನ್ನು ಅಂತ ತರಗತಿಯಲ್ಲಿ ಎಲ್ಲರಿಗೂ ಗೊತ್ತು. ಯಾರಿಗೂ ಹೊಸ ವಿಷಯ ತಿಳಿಯಲಿಲ್ಲ, ಯಾರೂ ಏನೂ ಯೋಚಿಸಲಿಲ್ಲ. ಬಾಯಿ ಮಾತ್ರ ಕೆಲಸ ಮಾಡಿತು.

ಹೀಗೆ ಕಲಿತ ವಾಕ್ಯ ಪಾಠದ ಹೊತ್ತಿನಲ್ಲಿ ಸರಿಯಾಗಿಯೇ ಬರುತ್ತದೆ. ತರಗತಿಯಿಂದ ಹೊರಗೆ ಬಂದಾಗ ಮಾತ್ರ ಕೈಕೊಡುತ್ತದೆ. ಪ್ರಭು ಮತ್ತು ಸಂಗಡಿಗರಿಗೆ ಕಾಡಿದ್ದು ಇದೇ. ಅವರ ಊಹೆ ಹೀಗಿತ್ತು: ಮಗುವಿನ ಗಮನ ವ್ಯಾಕರಣದ ಮೇಲಲ್ಲ, ಅರ್ಥದ ಮೇಲಿದ್ದಾಗ ವ್ಯಾಕರಣ ತನಗೇ ಗೊತ್ತಾಗದಂತೆ ತಲೆಯಲ್ಲಿ ಕೂರುತ್ತದೆ.

ತರಗತಿಯಲ್ಲಿ ಏನು ಮಾಡಿಸುತ್ತಿದ್ದರು?

ವಾಕ್ಯಗಳ ಪಟ್ಟಿ ತೆಗೆದು ಹಾಕಿದರು. ಅದರ ಜಾಗಕ್ಕೆ ಬಂದದ್ದು ‘ಟಾಸ್ಕ್’, ಅಂದ್ರೆ ಮಾಡಿ ಮುಗಿಸಬೇಕಾದ ಒಂದು ಚಿಕ್ಕ ಕೆಲಸ. ರೈಲು ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಇಂಥವೇ ಸಾಮಗ್ರಿ.

ಉದಾಹರಣೆಗೆ ಹೀಗಿಟ್ಟುಕೊಳ್ಳಿ. ಒಂದು ರೈಲು ಬೆಳಿಗ್ಗೆ 9.15ಕ್ಕೆ ಹೊರಟು ಮಧ್ಯಾಹ್ನ 1.40ಕ್ಕೆ ತಲುಪುತ್ತದೆ. ಪ್ರಯಾಣ ಎಷ್ಟು ಹೊತ್ತು? 2 ಗಂಟೆಗೆ ಆಸ್ಪತ್ರೆಯಲ್ಲಿರಬೇಕಾದವರು ಈ ರೈಲು ಹತ್ತಬಹುದಾ, ಇಲ್ಲಾ ಹಿಂದಿನದೇ ಬೇಕಾ? ಮೇಷ್ಟ್ರು ಇದನ್ನು ಇಂಗ್ಲಿಷ್‌ನಲ್ಲೇ ಕೇಳುತ್ತಾ, ಮಕ್ಕಳಿಂದ ಉತ್ತರ ಹೊರಡಿಸುತ್ತಾ, ಇಡೀ ತರಗತಿಯ ಜೊತೆ ಬಿಡಿಸುತ್ತಾರೆ. ಇದು ಮೊದಲ ಹಂತ. ಆಮೇಲೆ ಅಂಥದ್ದೇ ಇನ್ನೊಂದು ವೇಳಾಪಟ್ಟಿ ಕೊಟ್ಟು, ಪ್ರತಿ ಮಗುವೂ ತಾನೇ ಮಾಡಬೇಕು. ಇದು ಎರಡನೇ ಹಂತ. ಅಂಕ ಸಿಗುವುದು ಲೆಕ್ಕ ಸರಿಯಾದರೆ, ವ್ಯಾಕರಣಕ್ಕಲ್ಲ.

ಟಾಸ್ಕ್‌ಗಳನ್ನು ಪ್ರಭು ಮೂರು ಬಗೆ ಮಾಡುತ್ತಾರೆ:

• ಮಾಹಿತಿ ದಾಟಿಸುವುದು: ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ತಿಳಿಸುವುದು, ಓದಿದ್ದನ್ನು ಪಟ್ಟಿಯಲ್ಲಿ ತುಂಬುವುದು.

• ಯೋಚಿಸಿ ಕಂಡುಹಿಡಿಯುವುದು: ಕೊಟ್ಟ ವಿವರದಿಂದ ಲೆಕ್ಕ ಹಾಕಿ, ತರ್ಕ ಮಾಡಿ ಹೊಸ ಉತ್ತರ ತರುವುದು. ರೈಲಿನ ಪ್ರಶ್ನೆ ಈ ಬಗೆಯದು.

• ಅಭಿಪ್ರಾಯ ಹೇಳುವುದು: ಕಥೆಗೆ ಮುಕ್ತಾಯ ಬರೆಯುವುದು, ಒಂದು ವಿಷಯದ ಬಗ್ಗೆ ತನಗೆ ಅನಿಸಿದ್ದು ಹೇಳುವುದು.

ಮೂರರಲ್ಲಿ ಎರಡನೆಯದೇ ಹೆಚ್ಚು ಕೆಲಸಕ್ಕೆ ಬಂತು ಅನ್ನುವುದು ಅವರ ಅನುಭವ. ಅಭಿಪ್ರಾಯದ ಪ್ರಶ್ನೆಗೆ ಇದೇ ಸರಿ ಅನ್ನುವ ಉತ್ತರ ಇಲ್ಲದ್ದರಿಂದ, ಭಾಷೆ ಇನ್ನೂ ಬಾರದ ಮಗು ಅಳುಕುತ್ತದೆ. ಲೆಕ್ಕಕ್ಕೆ ಉತ್ತರ ಒಂದೇ. ಸಿಕ್ಕಿದರೆ ಮಗುವಿಗೆ ಧೈರ್ಯ.

ಅರ್ಧಕ್ಕೆ ಅರ್ಧದ ಲೆಕ್ಕ

ಟಾಸ್ಕ್ ಎಷ್ಟು ಕಷ್ಟ ಇರಬೇಕು? ಇದಕ್ಕೆ ಪ್ರಭು ತಂಡ ಇಟ್ಟುಕೊಂಡಿದ್ದ ಅಳತೆ ಸರಳ: ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧ ಭಾಗವನ್ನಾದರೂ ಸರಿಯಾಗಿ ಮಾಡಬೇಕು. ಅದಕ್ಕಿಂತ ಕಮ್ಮಿ ಬಂದರೆ ನಾಳಿನ ಟಾಸ್ಕ್ ಸುಲಭ ಮಾಡಬೇಕು. ಎಲ್ಲರೂ ಸಲೀಸಾಗಿ ಮಾಡಿದರೆ ಸ್ವಲ್ಪ ಕಷ್ಟ ಮಾಡಬೇಕು.

ತಪ್ಪು ತಿದ್ದುವ ರೀತಿಯೂ ಬೇರೆ. ಮಗು ತಪ್ಪು ಇಂಗ್ಲಿಷ್‌ನಲ್ಲಿ ಸರಿಯಾದ ಉತ್ತರ ಹೇಳಿದರೆ, ಮೇಷ್ಟ್ರು ಅದನ್ನು ಒಪ್ಪಿಕೊಂಡು ಅದೇ ಮಾತನ್ನು ಸರಿಯಾದ ರೂಪದಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಪಾಠ ನಿಲ್ಲಿಸಿ ವ್ಯಾಕರಣ ವಿವರಿಸುವುದಿಲ್ಲ. ಮನೆಯಲ್ಲಿ ಮಗು ‘ನಾನು ಬಂತು’ ಅಂದರೆ ಅಮ್ಮ ‘ಹೌದಾ, ಬಂದ್ಯಾ?’ ಅನ್ನುವುದಿಲ್ಲವೇ, ಹಾಗೆ.

ಪರೀಕ್ಷೆಯಲ್ಲಿ ಏನು ಬಂತು?

ಫಲಿತಾಂಶ ಅಳೆಯಲು ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಎಂಬ ಸಂಶೋಧಕರು ಪ್ರಾಜೆಕ್ಟ್ ತರಗತಿಗಳನ್ನೂ ಹಳೆ ಪದ್ಧತಿಯ ತರಗತಿಗಳನ್ನೂ ಹೋಲಿಸಿದರು. ವರದಿ 1985ರಲ್ಲಿ ಪ್ರಕಟವಾಯಿತು.

ವಾಕ್ಯರಚನೆ ಪರೀಕ್ಷೆಯಲ್ಲಿ ಹಳೆ ಪದ್ಧತಿಯ ಮಕ್ಕಳೇ ಮುಂದು. ಟಾಸ್ಕ್ ಪರೀಕ್ಷೆಯಲ್ಲಿ ಪ್ರಾಜೆಕ್ಟ್ ಮಕ್ಕಳು ಮುಂದು. ಇಲ್ಲಿಯವರೆಗೆ ಆಶ್ಚರ್ಯ ಇಲ್ಲ, ಕಲಿಸಿದ್ದನ್ನೇ ಕೇಳಿದರೆ ಬರುತ್ತದೆ. ಇದಲ್ಲದೆ ಯಾವ ಪದ್ಧತಿಯ ಪರವೂ ಇಲ್ಲದಂಥ ಪರೀಕ್ಷೆಗಳನ್ನೂ ಇಟ್ಟಿದ್ದರು: ಸಂದರ್ಭದಲ್ಲಿ ವ್ಯಾಕರಣ ಬಳಸುವುದು, ಹೇಳಿದ್ದನ್ನು ಬರೆಯುವುದು, ಕೇಳಿ ಮತ್ತು ಓದಿ ಅರ್ಥ ಮಾಡಿಕೊಳ್ಳುವುದು. ಇವುಗಳಲ್ಲಿ ಒಟ್ಟಾರೆ ಪ್ರಾಜೆಕ್ಟ್ ಮಕ್ಕಳದ್ದೇ ಮೇಲುಗೈ. ವ್ಯಾಕರಣ ಪಾಠವನ್ನೇ ಕೇಳದ ಮಕ್ಕಳು ಸಂದರ್ಭಕ್ಕೆ ತಕ್ಕಂತೆ ವ್ಯಾಕರಣ ಬಳಸಿದ್ದರು.

ಹಾಗಂತ ಎಲ್ಲವೂ ಸರಿ ಅಂತ ಸಂಶೋಧಕರು ಷರಾ ಬರೆಯಲಿಲ್ಲ. ಹೋಲಿಸಿದ ತರಗತಿಗಳು ಮೊದಲೇ ಎಲ್ಲ ರೀತಿಯಲ್ಲೂ ಸಮ ಇದ್ದವು ಅನ್ನಲು ಬರುವುದಿಲ್ಲ. ಪ್ರಾಜೆಕ್ಟ್‌ನಲ್ಲಿದ್ದ ಕೆಲವು ಶಿಕ್ಷಕರು ವಿಶೇಷ ತರಬೇತಿ ಪಡೆದವರು. ಶಾಲೆಯ ಮಾಮೂಲಿ ಶಿಕ್ಷಕರಿಗೆ ಈ ಪದ್ಧತಿಯನ್ನು ಪೂರ್ತಿ ಅಳವಡಿಸಿಕೊಳ್ಳುವುದು ಕಷ್ಟವಾಯಿತು ಅನ್ನುವುದನ್ನೂ ಬೆರೆಟ್ಟಾ ಮುಂದೆ 1990ರಲ್ಲಿ ಬರೆದರು. ಪದ್ಧತಿ ಒಳ್ಳೆಯದಿದ್ದರೆ ಸಾಲದು, ಅದನ್ನು ನಡೆಸುವವರಿಗೆ ತರಬೇತಿ ಮತ್ತು ಇಂಗ್ಲಿಷ್ ಮೇಲೆ ಹಿಡಿತ ಎರಡೂ ಬೇಕು.

ಕನ್ನಡ ಬಿಟ್ಟರೆ ಮಾತ್ರ ಇಂಗ್ಲಿಷ್ ಬರುತ್ತಾ?

ಕನ್ನಡ ಮಾತಾಡಿದರೆ ದಂಡ ಹಾಕುತ್ತೇವೆ ಅನ್ನುವುದನ್ನೇ ದೊಡ್ಡಸ್ತಿಕೆ ಅಂದುಕೊಂಡ ಕೋಚಿಂಗ್ ಸೆಂಟರ್‌ಗಳು, ಶಾಲೆಗಳು ಇವೆ. ಸಂಶೋಧನೆ ಇದನ್ನು ಬೆಂಬಲಿಸುವುದಿಲ್ಲ. ಬೆಂಗಳೂರು ಪ್ರಾಜೆಕ್ಟ್‌ನಲ್ಲೂ ಮಾತೃಭಾಷೆಗೆ ನಿಷೇಧ ಇರಲಿಲ್ಲ.

ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ಒಂದು ವಿಚಾರ ಮಂಡಿಸಿದರು. ಒಂದು ಭಾಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಬೆಳೆದರೆ ಅದು ಎರಡನೇ ಭಾಷೆಗೂ ಬಂಡವಾಳ. ಕನ್ನಡದಲ್ಲಿ ಒಂದು ಪುಟ ಓದಿ ಸಾರ ಹೇಳಬಲ್ಲ ಮಗುವಿಗೆ ಇಂಗ್ಲಿಷ್‌ನಲ್ಲಿ ಬೇಕಿರುವುದು ಪದ ಮತ್ತು ರೂಢಿ ಮಾತ್ರ. ಕನ್ನಡವೇ ಗಟ್ಟಿ ಇಲ್ಲದ ಮಗುವಿಗೆ ಎರಡೂ ಹೊರೆ.

ಅನುವಾದವೂ ಅಷ್ಟೇ. ಬಹಳ ವರ್ಷ ಅದನ್ನು ಹಳೆ ಕಾಲದ ಪದ್ಧತಿ ಅಂತ ತಳ್ಳಿಹಾಕಿದ್ದರು. ಬ್ರಿಟನ್ನಿನ ವಿದ್ವಾಂಸ ಗೈ ಕುಕ್ 2010ರ ತಮ್ಮ ಪುಸ್ತಕದಲ್ಲಿ ಭಾಷಾ ತರಗತಿಗೆ ಅನುವಾದ ವಾಪಸ್ ಬರಬೇಕು ಅಂತ ವಾದಿಸಿದ್ದಾರೆ. ಆದರೆ ಪದಕ್ಕೆ ಪದ ಇಟ್ಟರೆ ಅನುವಾದ ಆಗುವುದಿಲ್ಲ. ‘ನನಗೆ ಜ್ವರ ಬಂದಿದೆ’ ಅನ್ನುವುದನ್ನು ‘ಫೀವರ್ ಹ್ಯಾಸ್ ಕಮ್ ಟು ಮಿ’ ಅಂದರೆ ನಗುತ್ತಾರೆ. ಕನ್ನಡದಲ್ಲಿ ಜ್ವರ ನಮ್ಮ ಹತ್ತಿರ ಬರುತ್ತದೆ, ಇಂಗ್ಲಿಷ್‌ನಲ್ಲಿ ‘ಐ ಹ್ಯಾವ್ ಎ ಫೀವರ್’, ಅಂದ್ರೆ ನಾವು ಜ್ವರ ಇಟ್ಟುಕೊಂಡಿರುತ್ತೇವೆ. ಈ ವ್ಯತ್ಯಾಸವನ್ನು ಎರಡೂ ಭಾಷೆ ಪಕ್ಕಪಕ್ಕ ಇಟ್ಟು ತೋರಿಸಿದ ಮೇಷ್ಟ್ರ ಪಾಠ ಮರೆಯುವುದಿಲ್ಲ.

30 ದಿನದಲ್ಲಿ ಆಗುತ್ತಾ?

ಕೆನಡಾಕ್ಕೆ ವಲಸೆ ಬಂದ ಮಕ್ಕಳ ಅಂಕಿಅಂಶ ನೋಡಿ ಕಮಿನ್ಸ್ ಹೇಳಿದ್ದು ಇದು: ದಿನದ ಮಾತುಕತೆಯ ಇಂಗ್ಲಿಷ್‌ಗೆ ಸುಮಾರು 2 ವರ್ಷ ಬೇಕು. ಪಾಠಪುಸ್ತಕದ ಇಂಗ್ಲಿಷ್‌ನಲ್ಲಿ ಸಹಪಾಠಿಗಳ ಮಟ್ಟಕ್ಕೆ ಬರಲು 5ರಿಂದ 7 ವರ್ಷ. ಅದೂ ಬೀದಿ, ಅಂಗಡಿ, ಟಿವಿ ಎಲ್ಲ ಕಡೆ ಇಂಗ್ಲಿಷ್ ಕೇಳುವ ಊರಿನಲ್ಲಿ. ನಮ್ಮ ತಾಲೂಕಿನ ಮಗುವಿಗೆ ಇಂಗ್ಲಿಷ್ ಕಿವಿಗೆ ಬೀಳುವುದು ದಿನಕ್ಕೆ ಒಂದೋ ಎರಡೋ ಪೀರಿಯಡ್. ಹಾಗಿರುವಾಗ 30 ದಿನದ ಭರವಸೆಯನ್ನು ಹೇಗೆ ತೂಗಬೇಕು ಅನ್ನುವುದು ವ್ಯಾಪಾರ ಗೊತ್ತಿದ್ದವರಿಗೆ ಹೇಳಬೇಕಿಲ್ಲ.

ಇನ್ನೊಂದು ವಿಷಯ. ಎಲ್‌ಐಸಿ ಪಾಲಿಸಿ ಮಧ್ಯದಲ್ಲೇ ನಿಲ್ಲಿಸಿದರೆ ಕೈಗೆ ಸಿಗುವ ಮೊತ್ತಕ್ಕೆ ‘ಸರೆಂಡರ್ ವ್ಯಾಲ್ಯೂ’ ಅಂತಾರಲ್ಲ, ಅದೇ ಪದವನ್ನು ಪಾಠಕ್ಕೆ ಬಳಸಿದವರು ಮೈಕೆಲ್ ವೆಸ್ಟ್. ಆಗಿನ ಬಂಗಾಳದ ಢಾಕಾದಲ್ಲಿ ಕೆಲಸ ಮಾಡುತ್ತಿದ್ದ ಅವರು 1926ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇಳಿದ್ದು: ಎಷ್ಟೋ ಮಕ್ಕಳು ಶಾಲೆಯನ್ನು ಅರ್ಧಕ್ಕೇ ಬಿಡುತ್ತಾರೆ, ಬಿಡುವ ದಿನ ಅವರ ಕೈಯಲ್ಲಿ ಏನು ಉಳಿದಿರುತ್ತದೆ? ಮುಂದೆ ಉಪಯೋಗಕ್ಕೆ ಬರಬಹುದು ಅಂತ ಕಲಿಸಿದ ವ್ಯಾಕರಣವಾದರೆ ಏನೂ ಇಲ್ಲ. ಓದಲು ಕಲಿಸಿದ್ದರೆ ಅಷ್ಟಾದರೂ ಉಳಿಯುತ್ತದೆ. ಕೋರ್ಸ್‌ಗೆ ಫೀಸು ಕಟ್ಟುವಾಗಲೂ ಕೇಳಬೇಕಾದ ಪ್ರಶ್ನೆ ಇದೇ.

ಸೇರಿಸುವ ಮುಂಚೆ ಇವಿಷ್ಟು ಕೇಳಿ

ಕರ್ನಾಟಕದ ಭಾಷಾ ಮಾಧ್ಯಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ಆಗಬೇಕು ಅಂತ ಸರ್ಕಾರ ಕಡ್ಡಾಯ ಮಾಡುವಂತಿಲ್ಲ. ಅಂದ್ರೆ ಆಯ್ಕೆ ಪೋಷಕರದ್ದು. ಶಾಲೆ ಇರಲಿ, ಟ್ಯೂಷನ್ ಇರಲಿ, ಈ ಪ್ರಶ್ನೆ ಕೇಳಲು ಸಂಕೋಚ ಬೇಡ:

1. ಒಂದು ಪೀರಿಯಡ್‌ನಲ್ಲಿ ಮಕ್ಕಳು ಸ್ವಂತ ಯೋಚಿಸಿ ಮಾಡುವ ಕೆಲಸ ಯಾವುದು? ಬಾಯಿಪಾಠ ಮಾತ್ರವಾ?

2. ತಪ್ಪು ಮಾತಾಡಿದರೆ ಏನು ಮಾಡುತ್ತೀರಿ? ದಂಡ, ಗದರಿಕೆ ಇದ್ದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

3. ಅರ್ಥವಾಗದಿದ್ದರೆ ಕನ್ನಡದಲ್ಲಿ ಕೇಳಬಹುದಾ?

4. ಮೂರು ತಿಂಗಳಿಗೆ ನಿಲ್ಲಿಸಿದರೆ ಮಗುವಿಗೆ ಏನು ಬಂದಿರುತ್ತದೆ? ‘ಪುಸ್ತಕದ ಅರ್ಧ’ ಅನ್ನುವುದು ಉತ್ತರವಲ್ಲ. ಏನು ಓದಬಲ್ಲದು, ಏನು ಹೇಳಬಲ್ಲದು ಅನ್ನುವುದು ಬೇಕು.

5. ಪಾಠ ಮಾಡುವವರ ತರಬೇತಿ ಎಲ್ಲಿ ಆಗಿದೆ? ಒಂದು ದಿನ ಕೂತು ನೋಡಬಹುದಾ?

ಅಂಗಡಿಯಲ್ಲೇ ಮಾಡಬಹುದು

ಇದಕ್ಕೆ ದುಡ್ಡು ಬೇಡ. ಬಿಸ್ಕತ್ ಪ್ಯಾಕೆಟ್ ಮಗುವಿನ ಕೈಗೆ ಕೊಡಿ. ಪ್ಯಾಕ್ ಆದ ದಿನ ಜನವರಿ 10, ‘ಬೆಸ್ಟ್ ಬಿಫೋರ್ ಸಿಕ್ಸ್ ಮಂತ್ಸ್’ ಅಂತ ಇದೆ ಅಂದುಕೊಳ್ಳಿ. ಇವತ್ತು ಜೂನ್ 25. ಮಾರಬಹುದಾ? ಇನ್ನೆಷ್ಟು ದಿನ ಇದೆ? ಓದಿ, ಅರ್ಥ ಮಾಡಿಕೊಂಡು, ಲೆಕ್ಕ ಹಾಕಿ 15 ದಿನ ಅಂತ ಹೇಳಿದರೆ ಅದೇ ಒಂದು ಟಾಸ್ಕ್. ಔಷಧಿ ಚೀಟಿ, ಜಿಎಸ್‌ಟಿ ಬಿಲ್ಲು, ಬಸ್ಸಿನ ಟಿಕೆಟ್ಟು, ಮೊಬೈಲ್ ರೀಚಾರ್ಜ್ ಮೆಸೇಜು ಎಲ್ಲವೂ ಹೀಗೇ ಬಳಸಬಹುದು. ಉತ್ತರ ಕನ್ನಡದಲ್ಲಿ ಬಂದರೂ ಚಿಂತೆ ಇಲ್ಲ, ಓದಿ ಅರ್ಥವಾಯಿತು ಅನ್ನುವುದೇ ಮೊದಲ ಗೆಲುವು.

ಬೆಂಗಳೂರು ಪ್ರಾಜೆಕ್ಟ್‌ಗೆ ಬೆನ್ನೆಲುಬಾಗಿದ್ದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಗಿದ್ದು 1963ರಲ್ಲಿ. ಇವತ್ತಿಗೂ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣದ ರಾಜ್ಯಗಳ ಶಾಲಾ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಅಲ್ಲಿಗೆ ಹೋಗಿ ಬಂದ ಶಿಕ್ಷಕರು ನಿಮ್ಮೂರಿನ ಸರ್ಕಾರಿ ಶಾಲೆಯಲ್ಲೇ ಇರಬಹುದು, ಒಮ್ಮೆ ವಿಚಾರಿಸಿ.

ಕೊನೆಯದಾಗಿ, ಇಷ್ಟೆಲ್ಲ ಪ್ರಯೋಗ ಮಾಡಿದ ಪ್ರಭು ಅವರೇ 1990ರ ಒಂದು ಲೇಖನದಲ್ಲಿ ಎಲ್ಲರಿಗೂ ಹೊಂದುವ ‘ಅತ್ಯುತ್ತಮ ಪದ್ಧತಿ’ ಅಂತ ಒಂದಿಲ್ಲ ಅಂದಿದ್ದಾರೆ. ತಾನು ಮಾಡುತ್ತಿರುವ ಪಾಠದಿಂದ ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಶಿಕ್ಷಕ ದಿನವೂ ಯೋಚಿಸುತ್ತಿದ್ದಾನಾ, ಇಲ್ಲಾ ಯಾಂತ್ರಿಕವಾಗಿ ಹೇಳಿ ಮುಗಿಸುತ್ತಿದ್ದಾನಾ ಅನ್ನುವುದು ಮುಖ್ಯ ಅನ್ನುತ್ತಾರೆ ಅವರು. ಹಾಗಾಗಿ ಫೀಸು ಕಟ್ಟುವ ಮುಂಚೆ ಬೋರ್ಡು, ಬ್ಯಾನರ್ ನೋಡಿದ್ದು ಸಾಕು. ಪಾಠ ಮಾಡುವವರನ್ನು ನೋಡಿ, ಅವರ ತರಗತಿಯಲ್ಲಿ ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ನೋಡಿ.