ನೆಲ ಮುಟ್ಟದ ಸರಳು

ಹೋದ ವಾರ ನಮ್ಮನೆ ಮಾಡಿನ ಮೇಲೆ ಜಿ.ಐ. ಪೈಪ್ ನಿಲ್ಲಿಸಿ ಇಂಟರ್‌ನೆಟ್ಟಿನ ವೈರ್‌ಲೆಸ್ ಡಿಶ್ ಕೂರಿಸಿ ಹೋದ್ರು. ಗುಡ್ಡದ ಆಚೆಯಿಂದ ನೆಟ್ ಬಂತು, ಮಕ್ಕಳಿಗೆ ಖುಷಿಯೋ ಖುಷಿ. ಸಂಜೆ ಏಣಿ ಹತ್ತಿ ನೋಡಿದ್ರೆ ಪೈಪಿಗೆ ಅರ್ಥಿಂಗೇ ಇಲ್ಲ. ಫೋನ್ ಮಾಡಿ ಕೇಳಿದೆ. "ಅದೆಲ್ಲ ಬೇಡ ಅಣ್ಣಾ, ಪ್ಲಾಸ್ಟಿಕ್ ಡಬ್ಬಿ ಅಲ್ವಾ" ಅಂದ್ರು. ಡಬ್ಬಿ ಪ್ಲಾಸ್ಟಿಕ್ಕೇ ಸರಿ, ಪೈಪ್ ಕಬ್ಬಿಣ, ಒಳಗೆ ಇಳಿಯೋ ತಂತಿ ತಾಮ್ರ. ಅವತ್ತು ಮಲಗಿದಾಗ ನೆನಪಾದದ್ದು ರಿಚ್‌ಮನ್.

ಅವನ ಕತೆಗೆ ಮುಂಚೆ ಒಂದು ವರ್ಷ ಹಿಂದಕ್ಕೆ ಹೋಗ್ಬೇಕು. ಮಿಂಚು ಅಂದ್ರೆ ವಿದ್ಯುತ್ತೇನಾ ಅಂತ ಪರೀಕ್ಷೆ ಮಾಡೋ ದಾರಿಯನ್ನ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಬರೆದಿಟ್ಟಿದ್ದ. 1752ರ ಮೇ 10ರಂದು ಪ್ಯಾರಿಸ್ ಹತ್ತಿರದ ಮಾರ್ಲಿಯಲ್ಲಿ ಅದನ್ನ ಮಾಡಿ ನೋಡಿದ್ರು. ಸುಮಾರು 40 ಅಡಿ ಕಬ್ಬಿಣದ ಸರಳು, ನೆಲಕ್ಕೆ ತಾಗದ ಹಾಗೆ ಬುಡಕ್ಕೆ ಗಾಜಿನ ಬಾಟಲಿಗಳು. ಪ್ರಯೋಗ ಏರ್ಪಾಡು ಮಾಡಿದ ದಾಲಿಬಾರ್ ಅವತ್ತು ಅಲ್ಲಿರಲೇ ಇಲ್ಲ. ಕಾವಲಿಗೆ ಬಿಟ್ಟಿದ್ದ ಹಳೇ ಸಿಪಾಯಿ ಸರಳಿನಿಂದ ಕಿಡಿ ತೆಗೆದ, ಆಮೇಲೆ ಊರ ಪಾದ್ರಿ ಓಡಿ ಬಂದ. (ಈಗಲೂ ಹಾಗೇ ಅಲ್ವಾ, ಯೋಜನೆ ಒಬ್ಬರದ್ದು, ಮಾಡು ಹತ್ತೋನು ಇನ್ನೊಬ್ಬ.) ಅವರ ಅದೃಷ್ಟ, ಯಾರೂ ಸಾಯಲಿಲ್ಲ.

ಸುದ್ದಿ ರಷ್ಯಾಕ್ಕೂ ಹೋಯ್ತು. ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಪ್ರೊಫೆಸರ್ ಗಿಯೋರ್ಗ್ ರಿಚ್‌ಮನ್ ತನ್ನ ಮನೆ ಮಾಡಿನ ಮೇಲೆ ಸರಳು ನಿಲ್ಲಿಸಿ, ಅಲ್ಲಿಂದ ತಂತಿಯನ್ನ ಕೋಣೆಯೊಳಗೆ ತಂದ. ತಂತಿಯ ಕೊನೇಲಿ ಒಂದು ನೂಲಿನ ಎಳೆ. ವಿದ್ಯುತ್ ಬಂದ್ರೆ ಆ ಎಳೆ ಎದ್ದು ನಿಲ್ಲುತ್ತೆ, ಎಷ್ಟು ಎದ್ದಿತು ಅಂತ ಅಳೆಯೋದು. ಬಂದ ವಿದ್ಯುತ್ ನೆಲಕ್ಕೆ ಇಳಿದು ಹೋದ್ರೆ ಅಳೆಯೋಕೆ ಏನೂ ಉಳಿಯಲ್ಲ. ಹಾಗಾಗಿ ಬೇಕಂತಲೇ ಅರ್ಥ್ ಕೊಟ್ಟಿರಲಿಲ್ಲ.

ಈಗಿನ ಕ್ಯಾಲೆಂಡರಿನಲ್ಲಿ 1753ರ ಆಗಸ್ಟ್ 6. ಗುಡುಗು ಕೇಳಿ ಅಕಾಡೆಮಿಯಿಂದ ಮನೆಗೆ ಓಡಿದ, ಚಿತ್ರ ಕೆತ್ತುವ ಸೊಕೊಲೊವ್‌ನನ್ನೂ ಕರ್ಕೊಂಡು. ಅಳತೆ ನೋಡೋಕೆ ಹತ್ತಿರ ಬಾಗಿದಾಗ ಮುಷ್ಟಿಯಷ್ಟು ದೊಡ್ಡ ನೀಲಿ ಬೆಂಕಿ ಉಂಡೆ ಹಣೆಗೆ ಬಡೀತು. ಆಳು ಅಲ್ಲೇ ಹೋದ. ಕಾಲಿನ ಬೂಟು ಹರಿದಿತ್ತು, ಬಾಗಿಲು ಕಿತ್ತು ಬಂದಿತ್ತು. ಸೊಕೊಲೊವ್ ಬಿದ್ದು ಎದ್ದ. ಅದೇ ಹೊತ್ತಿಗೆ ಲೊಮೊನೊಸೊವ್ ಕೂಡ ತನ್ನ ಮನೇಲಿ ಇಂಥದೇ ಸರಳಿನ ಮುಂದೆ ನಿಂತಿದ್ದ, ಉಳ್ಕೊಂಡ.

ನನಗೆ ಬೇಜಾರಾಗೋದು ಎಲ್ಲಿ ಅಂದ್ರೆ, ಅದೇ 1753ರ ತನ್ನ ಪಂಚಾಂಗದಲ್ಲಿ ಫ್ರಾಂಕ್ಲಿನ್ ಮನೆ ಕಾಯೋ ಸರಳಿನ ಬಗ್ಗೆ ಬರೆದಿದ್ದ: ಒಂದು ತುದಿ ಮಾಡಿಗಿಂತ ಆರೆಂಟು ಅಡಿ ಮೇಲೆ, ಇನ್ನೊಂದು ತುದಿ ತೇವದ ಮಣ್ಣಿನಲ್ಲಿ ಮೂರು ನಾಲ್ಕು ಅಡಿ ಆಳಕ್ಕೆ. ಮೇಲಿನ ತುದಿ ಇಬ್ಬರದ್ದೂ ಒಂದೇ, ವ್ಯತ್ಯಾಸ ಕೆಳಗಿನದ್ದು.

ನಮ್ಮಪ್ಪ ಇಷ್ಟೆಲ್ಲ ಓದಿರಲಿಲ್ಲ. ದೂರದರ್ಶನದ ಕಾಲದಲ್ಲಿ ಉದ್ದದ ಬಿದಿರಿಗೆ ಆಂಟೆನಾ ಕಟ್ಟಿದ್ವಿ. ದೂರದಲ್ಲಿ ಗುಡುಗಿದ್ರೆ ಸಾಕು, ಟಿವಿಯಿಂದ ವೈರ್ ಕಿತ್ತು ಕಿಟಕಿಯಾಚೆ ಎಸೆಯೋರು. ಈಗ ಆ ವೈರಿನ ಜಾಗದಲ್ಲಿ ರೂಟರ್‌ಗೆ ಹೋಗೋ ಕೇಬಲ್ ಇದೆ. ರಿಚ್‌ಮನ್‌ನ ನೂಲಿನ ಜಾಗದಲ್ಲಿ ರೂಟರ್, ಪಕ್ಕದಲ್ಲಿ ಓದ್ತಾ ಕೂತ ಮಗಳು.

ನಿನ್ನೆ ನಮ್ಮೂರ ಎಲೆಕ್ಟ್ರಿಷಿಯನ್ ಬಂದ. ಪೈಪಿನ ಬುಡದಿಂದ ದಪ್ಪ ತಾಮ್ರದ ತಂತಿ ಆದಷ್ಟು ನೇರವಾಗಿ ಹೊರಗೋಡೆ ಮೇಲೇ ಇಳಿಸಿ, ಅರ್ಥ್ ಗುಂಡಿಗೆ ಕೊಟ್ಟ. ಆ ಗುಂಡಿಯನ್ನ ಮೀಟರ್ ಬೋರ್ಡಿನ ಅರ್ಥಿಗೂ ಸೇರಿಸಿದ. ಎರಡನ್ನ ಬೇರೆ ಬೇರೆ ಬಿಟ್ರೆ ಸಿಡಿಲಿನ ಹೊತ್ತಿಗೆ ಒಂದರ ವೋಲ್ಟೇಜ್ ಏರಿ, ನಡುವೆ ಇರೋ ರೂಟರ್ ಮೂಲಕವೇ ಹಾಯುತ್ತಂತೆ. ಕೇಬಲ್ ಮನೆಯೊಳಗೆ ಬರೋ ಜಾಗದಲ್ಲಿ ಸರ್ಜ್ ಪ್ರೊಟೆಕ್ಟರ್, ಅದಕ್ಕೂ ಅದೇ ಅರ್ಥ್. ಇಷ್ಟಾದ್ರೂ ನೇರ ಬಡಿದ್ರೆ ಡಿಶ್ ಉಳಿಯೋದು ಅನುಮಾನ, ಹಾಗಾಗಿ ಮೋಡ ಕಟ್ಟೋಕೆ ಮುಂಚೆಯೇ ಕೇಬಲ್ ಕೀಳೋ ಅಪ್ಪನ ಪದ್ಧತಿ ಬಿಡಲ್ಲ.

ಇನ್ನೊಂದು, ಪೈಪ್ ಬಿದ್ರೂ ಕರೆಂಟ್ ಲೈನಿಗೆ ತಾಗದಷ್ಟು ದೂರ ಇರ್ಬೇಕು. ಅಲ್ಯೂಮಿನಿಯಂ ದೋಟಿ ಏನು ಮಾಡುತ್ತೆ ಅಂತ ನಿಮಗೆ ಹೇಳ್ಬೇಕಾ! ನಮ್ಮ ಪೈಪ್ ಲೈನಿಗೆ ಹತ್ತಿರವೇ ಆಯ್ತು, ಭಾನುವಾರ ಬೆಳಿಗ್ಗೆ ಬಚ್ಚಲ ಕಡೆ ಗೋಡೆಗೆ ಸರಿಸ್ತಿದ್ದೀವಿ. ಕೈ ಕೊಡೋಕೆ ಇಬ್ಬರು ಬಂದ್ರೆ ಒಳ್ಳೇದು.